ದಿವಾನರು ಬಡಿದ ಸೌಟು

ಕಾದ ಕಬ್ಬಿಣಕ್ಕೆ ಎಣ್ಣೆ ಸವರಿದರೆ ಒಂದು ವಾಸನೆ ಏಳುತ್ತದೆ. ಒಗ್ಗರಣೆಗೆ ಒಂದು ಕ್ಷಣ ಮುಂಚಿನ ವಾಸನೆ ಅದು; ಸಾಸಿವೆ ಇನ್ನೂ ಬಿದ್ದಿರುವುದಿಲ್ಲ, ಆದರೆ ಬೀಳಲಿದೆ ಎಂದು ಮೂಗಿಗೆ ಗೊತ್ತಾಗಿಬಿಟ್ಟಿರುತ್ತದೆ. ಹೋದ ಶನಿವಾರ ಬೆಳಿಗ್ಗೆ ನಮ್ಮ ಮೌಂಟನ್ ವ್ಯೂ ಮನೆಯ ಅಡುಗೆಮನೆಯಲ್ಲಿ ಆ ವಾಸನೆ ಎದ್ದಾಗ ನಾನು ಒಲೆ ಆರಿಸಿ ಕುರ್ಚಿಯ ಮೇಲೆ ಕುಳಿತುಬಿಟ್ಟೆ.

ಚಿಕ್ಕ ಮನೆಗೆ ಹೋಗುತ್ತಿದ್ದೇವೆ. ಮೆಟ್ಟಿಲು ಹತ್ತುವ ಮಂಡಿ ಇಬ್ಬರಿಗೂ ಉಳಿದಿಲ್ಲ, ಅದಕ್ಕೇ ಒಂದು ಕಾಂಡೊ ಫ್ಲ್ಯಾಟು ನೋಡಿದ್ದೇವೆ. ಪಾತ್ರೆಪಡಗ ಹಂಚುವ ಕೆಲಸ ನನ್ನದು. ಕೆಳಗಿನ ಡ್ರಾಯರನ್ನು ಖಾಲಿ ಮಾಡುವಾಗ, ತೀರಾ ಹಿಂದುಗಡೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಕಬ್ಬಿಣದ ಒಗ್ಗರಣೆ ಸೌಟು ಸಿಕ್ಕಿತು. ಸಿಕ್ಕಿತು ಎಂದರೆ ಸುಳ್ಳಾಗುತ್ತದೆ. ಅದು ಅಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಇಷ್ಟು ವರ್ಷ ಅತ್ತ ಕೈ ಹಾಕಿರಲಿಲ್ಲ. ಬಿಸಾಡಲು ಧೈರ್ಯವಿರಲಿಲ್ಲ, ಬಳಸಲು ಮುಖವಿರಲಿಲ್ಲ. ತುಕ್ಕು ಹಿಡಿದು ಕೆಂಪಾಗಿತ್ತು. ಉಜ್ಜಿ, ತೊಳೆದು, ಒಲೆಯ ಮೇಲಿಟ್ಟು ಎಣ್ಣೆ ಸವರಿದೆ. ಅಷ್ಟೇ…

"ಸ್ಮೋಕ್ ಅಲಾರಮ್ ಹೊಡ್ಕೊಳತ್ತೆ ಕಣೇ, ಫ್ಯಾನ್ ಹಾಕು," ಎಂದು ನಮ್ಮವರು ಹಾಲ್‌ನಿಂದ ಕೂಗಿದರು.

ಆ ಸೌಟನ್ನು ಮಾಡಿಕೊಟ್ಟವರನ್ನು ನಮ್ಮ ಜನ "ಭಟ್ಟರು" ಎನ್ನುತ್ತಿದ್ದರು. ನಾನು ಎದುರಿಗೆ ಭಟ್ಟರೇ ಎಂದು, ಬೆನ್ನ ಹಿಂದೆ "ದಿವಾನರು" ಎನ್ನುತ್ತಿದ್ದೆ. ಎರಡೂ ಅವರ ಹೆಸರಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಆಗ ಅಮೆರಿಕದ ಈ ಬೇ ಏರಿಯಾದಲ್ಲಿ ಕನ್ನಡದವರೆಂದರೆ ಎಲ್ಲರಿಗೂ ಎಲ್ಲರ ಫೋನ್ ನಂಬರು ಬಾಯಿಪಾಠ ಇರುವಷ್ಟು ಮಂದಿ. ಯುಗಾದಿ, ಗೌರಿಹಬ್ಬ, ರಾಜ್ಯೋತ್ಸವ ಎಲ್ಲಕ್ಕೂ ನಾವು ಸೇರುತ್ತಿದ್ದದ್ದು ಲಾಸ್ ಆಲ್ಟೋಸಿನ ಡಾಕ್ಟರ ಮನೆಯಲ್ಲಿ. ಹೃದಯದ ಡಾಕ್ಟರು, ಮೈಸೂರಿನವರು, ನಮ್ಮ ಸಂಘದ ಅಧ್ಯಕ್ಷರು. ನೂರು ಜನ ಕೂರುವ ಹಾಲ್, ಹಿತ್ತಲಲ್ಲಿ ಹಳೇ ತೋಟದಿಂದ ಉಳಿದ ಏಪ್ರಿಕಾಟ್ ಮರಗಳು. ಆ ಮನೆಗೆ ನಾವು "ಅರಮನೆ" ಎನ್ನುತ್ತಿದ್ದೆವು, ಅರ್ಧ ತಮಾಷೆಗೆ, ಅರ್ಧ ಹೊಟ್ಟೆಕಿಚ್ಚಿಗೆ.

ಆ ಅರಮನೆಯಲ್ಲಿ ನನಗೊಂದು ಸ್ಥಾನವಿತ್ತು. ಯಾವ ಹಬ್ಬಕ್ಕೆ ಯಾವ ಅಡುಗೆ, ಯಾರ ಹಾಡು ಮೊದಲು, ಯಾರನ್ನು ಯಾರ ಪಕ್ಕ ಕೂರಿಸಿದರೆ ಜಗಳವಾಗುತ್ತದೆ ಎಂಬುದನ್ನೆಲ್ಲ ಡಾಕ್ಟರ ಹೆಂಡತಿ ನನಗೆ ಫೋನ್ ಮಾಡಿ ಕೇಳುತ್ತಿದ್ದರು. ನಾನಾಗ ಅದೇ ಊರಿನ ಲೈಬ್ರರಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಪುಸ್ತಕಗಳಿಗೆ ಮುದ್ರೆ ಒತ್ತುವುದು, ಮಧ್ಯಾಹ್ನ ಫೋನಿನಲ್ಲಿ ಅರಮನೆಗೆ ಮುದ್ರೆ ಒತ್ತುವುದು. ಇಷ್ಟವಾಗುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಬೇರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಡಾಕ್ಟರ ತಾಯಿ ಮೈಸೂರಿನಿಂದ ಬಂದು ಮಗನ ಜೊತೆ ಇರುವುದೆಂದು ತೀರ್ಮಾನವಾದಾಗ ಅಡುಗೆಯ ಪ್ರಶ್ನೆ ಎದ್ದಿತು. ಅಜ್ಜಿ ಮಡಿಯವರು; ಕಂಡಕಂಡವರ ಕೈಯಲ್ಲಿ ಊಟ ಮಾಡುವವರಲ್ಲ. ಹಾಗಾಗಿ ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿದ್ದ ಅಡುಗೆಯವರೊಬ್ಬರನ್ನು ಡಾಕ್ಟರು ಕರೆಸಿಕೊಂಡರು. ನಲವತ್ತರ ಆಸುಪಾಸು, ಒಣಕಲು ಮೈ, ಮೆಲು ಮಾತು. ಮೊದಲ ದಿನ ನಾನು ನೋಡಲು ಹೋದಾಗ ಬರಿ ಮೈಯಲ್ಲಿ ಪಂಚೆ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದರು. ಹೆಗಲ ಮೇಲೆ ಜನಿವಾರ. ಅಡುಗೆಯವರು, ಜನಿವಾರ, ಮೆಲು ಮಾತು, ಇನ್ನೇನು ಬೇಕು?

"ಭಟ್ಟರೇ, ಊಟ ಎಷ್ಟೊತ್ತಿಗೆ?" ಎಂದೆ.

"ಓ," ಎಂದು ತಿರುಗಿದರು. "ಇನ್ನೊಂದು ಹತ್ತು ನಿಮಿಷ ಅಮ್ಮಾ."

ಅವತ್ತಿನಿಂದ ಅವರು ಎಲ್ಲರಿಗೂ ಭಟ್ಟರು. ಆ ಹೆಸರನ್ನು ಇಟ್ಟವಳು ನಾನೇ ಎಂಬುದು ಬಹಳ ವರ್ಷ ನನಗೆ ನೆನಪಿಗೇ ಬಂದಿರಲಿಲ್ಲ, ಅಥವಾ ಬರಲು ನಾನು ಬಿಟ್ಟಿರಲಿಲ್ಲ.

ಮೊದಲ ಆರು ತಿಂಗಳು ಅವರು ಅಡುಗೆಮನೆ ಬಿಟ್ಟು ಹೊರಗೆ ಬಂದವರಲ್ಲ. ಆಮೇಲೆ ಆ ಯುಗಾದಿ ಬಂತು. ಮೈಸೂರಿನವರಿಗೆ ತೊಗರಿಬೇಳೆ ಒಬ್ಬಟ್ಟು ಆಗಬೇಕು, ಧಾರವಾಡದವರಿಗೆ ಕಡಲೆಬೇಳೆ ಹೋಳಿಗೆ. ಹಿಂದಿನ ವರ್ಷ ಇದೇ ಮಾತಿಗೆ ಎರಡು ಮನೆಗಳು ಮಾತು ಬಿಟ್ಟಿದ್ದವು. ನಾನು ಎರಡನ್ನೂ ಮಾಡಿಸಿ ಎರಡು ಮೇಜಿನ ಮೇಲೆ ಇಡಿಸಿದ್ದೆ, ಜನರೂ ಎರಡು ಮೇಜಾಗಿ ಒಡೆದಿದ್ದರು. ಈ ಸಲ ಇವರು ಏನು ಮಾಡಿದರು? ಕಡಲೆಬೇಳೆ ಹೂರಣವನ್ನು ಮೈಸೂರಿನ ಹೆಂಗಸರ ಕೈಗೆ ಕೊಟ್ಟು ಲಟ್ಟಿಸಿ ಎಂದರು, ತೊಗರಿಬೇಳೆಯದನ್ನು ಧಾರವಾಡದವರ ಕೈಗೆ ಕೊಟ್ಟರು. ತಾವೇ ಮಾಡಿದ್ದನ್ನು ಹಳಿಯುವವರು ಯಾರು? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಫಾಸ್ಟರ್ ಸಿಟಿಯಿಂದ ಬಂದಿದ್ದ ಧಾರವಾಡದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, "ಏನ್ ಶಾಣ್ಯಾ ಅದಾನ್ರೀ ಈ ಮನಷ್ಯಾ! ಇಷ್ಟ್ ದಿನಾ ನಿಮ್ಗ್ಯಾಕ್ ಹೊಳೀಲಿಲ್ರೀ ಇದು?" ಎಂದು ಕೇಳಿದರು. ನಾನು ನಕ್ಕೆ. ಹೊಟ್ಟೆಯೊಳಗೆ ನಗಲಿಲ್ಲ.

ಅಲ್ಲಿಂದ ಮುಂದೆ ಅವರು ಏರಿದ್ದನ್ನು ನಾನು ಕುರ್ಚಿಗಳ ಲೆಕ್ಕದಲ್ಲಿ ಹೇಳಬಲ್ಲೆ. ಮೊದಲು ಮೀಟಿಂಗು ನಡೆಯುವಾಗ ಬಾಗಿಲ ಬಳಿ ನಿಲ್ಲುತ್ತಿದ್ದರು. ಆಮೇಲೆ ಊಟದ ಮೇಜಿನಿಂದ ಒಂದು ಕುರ್ಚಿ ತಂದು ಮೂಲೆಯಲ್ಲಿ ಕೂತರು. ವರ್ಷ ತುಂಬುವುದರೊಳಗೆ ಸೋಫಾದ ಮೇಲೆ, ಡಾಕ್ಟರ ಬಲಗಡೆ. ಹಾಲ್ ಬುಕ್ ಮಾಡಬೇಕೆ? "ಭಟ್ಟರನ್ನ ಕೇಳೋಣ." ಊರಿಂದ ಬರುವ ಹರಿಕಥೆಯವರನ್ನು ಯಾರ ಮನೆಯಲ್ಲಿ ಇಳಿಸಬೇಕು? "ಭಟ್ಟರನ್ನ ಕೇಳೋಣ." ಮೆನ್ಲೋ ಪಾರ್ಕಿನಲ್ಲಿದ್ದ ಗಂಡಹೆಂಡಿರ ವಿಚ್ಛೇದನದ ಮಾತು ನಿಂತಿದ್ದೂ ಭಟ್ಟರು ಹೋಗಿ ಒಂದು ವಾರ ಅಡುಗೆ ಮಾಡಿಕೊಟ್ಟು ಬಂದ ಮೇಲೆ ಎಂದು ಜನ ಆಡಿಕೊಂಡರು. ನನ್ನ ಮನೆಯ ಫೋನು ಮಧ್ಯಾಹ್ನ ಹೊಡೆದುಕೊಳ್ಳುವುದು ನಿಂತುಹೋಯಿತು. ನಾನು ಅವರಿಗೆ ದಿವಾನರು ಎಂದು ಹೆಸರಿಟ್ಟದ್ದು ಆಗಲೇ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ತಾಯಿ ಹೇಳುತ್ತಿದ್ದರು. ನಾನು ದಿವಾನರನ್ನು ಗಮನಿಸತೊಡಗಿದೆ. ಅವರ ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ ಇರುತ್ತಿತ್ತು. ಯಾರಾದರೂ ಏನಾದರೂ ಹೇಳಿದರೆ ಪಕ್ಕಕ್ಕೆ ಹೋಗಿ ಬರೆದುಕೊಳ್ಳುತ್ತಿದ್ದರು. ಏನು ಬರೆಯುತ್ತಾರೆ? ಒಂದು ದಿನ ಅದನ್ನು ಕಟ್ಟೆಯ ಮೇಲೆ ಬಿಟ್ಟಿದ್ದಾಗ ತೆರೆದು ನೋಡಿದೆ. ಯಾರಿಗೆ ಉಪ್ಪು ಆಗದು, ಯಾವ ಮಗುವಿಗೆ ಕಡಲೆಕಾಯಿ ಆಗದು, ಯಾರಿಗೆ ಸೋಮವಾರ ಒಪ್ಪತ್ತು, ಇಷ್ಟೇ. ನನ್ನ ಹೆಸರಿನ ಮುಂದೆ "ಇಂಗು ಬೇಡ, ಹೇಳಿಕೊಳ್ಳುವುದಿಲ್ಲ" ಎಂದು ಬರೆದಿತ್ತು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾನು ಹೇಳಿಕೊಳ್ಳದೆ ಇರುವುದು ಇವರಿಗೆ ಹೇಗೆ ಗೊತ್ತು?

"ನಿಂಗೆ ಸಿ.ಐ.ಡಿ. ಕೆಲಸ ಕೊಡಿಸ್ಬೇಕಿತ್ತು," ಎಂದು ನಮ್ಮವರು ರೇಗಿಸುತ್ತಿದ್ದರು.

ಊರು ಯಾವುದು ಎಂದು ಯಾರಾದರೂ ಕೇಳಿದರೆ "ಮೈಸೂರು ಕಡೆ" ಎನ್ನುತ್ತಿದ್ದರು. ಮೈಸೂರು ಕಡೆ ಎಂದರೆ ಎಷ್ಟು ದೊಡ್ಡ ಕಡೆ! ಯಾವ ಮಠದವರು ಎಂದು ಹಿರಿಯರೊಬ್ಬರು ಕೇಳಿದಾಗ, "ಅಡುಗೆಮನೇನೇ ನಮ್ ಮಠ ಸ್ವಾಮಿ," ಎಂದು ಎಲ್ಲರನ್ನೂ ನಗಿಸಿ, ಕಾಫಿ ತರಲು ಎದ್ದುಹೋದರು. ಎಲ್ಲರೂ ನಕ್ಕರು. ನಾನು ಮಾತ್ರ ಲೋಟದ ಮೇಲಿನಿಂದ ಅವರ ಬೆನ್ನು ನೋಡುತ್ತಿದ್ದೆ. ನದೀಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ಅಡುಗೆಯವರ ಮೂಲದ ಬಗ್ಗೆ ಯಾರೂ ಏನೂ ಹೇಳಿಲ್ಲವಲ್ಲ ಎಂದುಕೊಂಡೆ.

ಅದೇ ವರ್ಷ ರಾಜ್ಯೋತ್ಸವಕ್ಕೆ ನಾನು ಒಂದು ಪುಟ್ಟ ಪ್ರಹಸನ ಬರೆದಿದ್ದೆ. ಮೂರು ವಾರ ರಿಹರ್ಸಲ್ ಆದ ಮೇಲೆ ಅದನ್ನು ಕೈಬಿಟ್ಟರು. ಸಮಯ ಸಾಲದು ಎಂದರು. "ಭಟ್ಟರು ಬೇಡ ಅಂದ್ರಂತೆ" ಎಂದು ಯಾರೋ ಅಂದರು. ಅದು ನಿಜವೋ ಸುಳ್ಳೋ ಇವತ್ತಿಗೂ ನನಗೆ ತಿಳಿಯದು. ಆಗ ತಿಳಿಯುವ ಅಗತ್ಯವೂ ಕಾಣಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಇಂಥ ಹೊತ್ತಿನಲ್ಲಿ ಅವರು ಲೈಬ್ರರಿಗೆ ಬರತೊಡಗಿದರು. ಜೊತೆಗೆ ಡಾಕ್ಟರ ಮಗಳು, ಹನ್ನೆರಡು ವರ್ಷದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಇವರ ಜೊತೆ ಮಾತ್ರ ತಡವರಿಸುತ್ತ ಕನ್ನಡವಾಡುತ್ತಿದ್ದಳು. ಅವಳ ಸ್ಕೂಲಿನಲ್ಲಿ ಆ ವರ್ಷ ಐನೂರು ವರ್ಷ ಹಿಂದಿನ ಯೂರೋಪಿನ ಪಾಠ. ಕೊನೆಗೆ ರಿನೇಸಾನ್ಸ್ ಡೇ ಎಂದು ಒಂದು ದಿನ ಮಾಡುತ್ತಿದ್ದರು. ಪ್ರತಿ ಮಗುವೂ ಆ ಕಾಲದ ಒಬ್ಬರ ವೇಷ ಹಾಕಿ ತಾನೇ ಅವರೆಂಬಂತೆ ಮಾತಾಡಬೇಕು. ಚೀಟಿ ಎತ್ತಿದಾಗ ಈ ಹುಡುಗಿಗೆ ಬಂದದ್ದು ಇಂಗ್ಲೆಂಡಿನ ಒಬ್ಬ ರಾಜನ ಸಲಹೆಗಾರ. ರಾಣಿಯೇ ಆಗಬೇಕು ಎಂದುಕೊಂಡಿದ್ದವಳು ಅತ್ತಿದ್ದಳಂತೆ. ಇವರು ಸಮಾಧಾನ ಮಾಡಿ ಪುಸ್ತಕ ಹುಡುಕಲು ಕರೆತಂದಿದ್ದರು.

ಹುಡುಗಿಯ ಕಾರ್ಡಿನ ಮೇಲೆ ಪುಸ್ತಕ ಒಯ್ದರು. ಎರಡು ವಾರಕ್ಕೆ ಮತ್ತೆ ಬಂದು ಅದನ್ನೇ ಮುಂದುವರಿಸಿದರು. ಮೂರನೇ ಸಲ ಬಂದಾಗ ಹುಡುಗಿ ಜೊತೆಗಿರಲಿಲ್ಲ. "ಅಮ್ಮಾ, ಈ ಮಂತ್ರಿ ಬಗ್ಗೆ ಇನ್ನೊಂದು ಪುಸ್ತಕ ಇದ್ಯಾ? ಸ್ವಲ್ಪ ಸುಲಭದ್ದು," ಎಂದರು. ಬೆರಳಿಟ್ಟುಕೊಂಡು ಒಂದೊಂದೇ ಪದ ಓದುತ್ತಿದ್ದವರು ಅವರು. ಇಷ್ಟು ಆಸಕ್ತಿ ಯಾಕೆ? ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಆ ಪುಸ್ತಕ ತೆರೆದೆ. ಕಮ್ಮಾರನ ಮಗ. ಓದು ಕಡಿಮೆ, ಮನೆತನ ಇಲ್ಲ. ದೊಡ್ಡವರ ಮನೆಯಲ್ಲಿ ಕೆಲಸಕ್ಕೆ ಸೇರಿ, ಎಲ್ಲರ ಗುಟ್ಟು ತಿಳಿದು, ರಾಜನ ಬಲಗೈಯಾದವನು. ಹುಟ್ಟಿನಿಂದ ದೊಡ್ಡವರಾದವರು ಅವನನ್ನು ಒಂದು ದಿನವೂ ಕ್ಷಮಿಸಲಿಲ್ಲ. ಕೊನೆಗೆ ಅದೇ ರಾಜ ಅವನ ತಲೆ ತೆಗೆಸಿದ.

"ನೋಡಿ, ಮೇಲೇರೋದು ಹೇಗೆ ಅಂತ ಪುಸ್ತಕ ನೋಡ್ಕೊಂಡು ಕಲೀತಿದಾರೆ," ಎಂದು ನಮ್ಮವರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ.

ಒಂದು ವಿಷಯ ಹೇಳಿಬಿಡಬೇಕು. ದಿವಾನರಿಗೆ ಊರಿನಲ್ಲಿ ಹೆಂಡತಿ ಇದ್ದರು. ಅವರನ್ನು ಇಲ್ಲಿಗೆ ಕರೆಸಿಕೊಳ್ಳಬೇಕಾದರೆ ಇವರಿಗೆ ಮೊದಲು ಗ್ರೀನ್ ಕಾರ್ಡ್ ಆಗಬೇಕು, ಅದು ಆಗಬೇಕಾದರೆ ಇಂಥವರು ನಮ್ಮ ಮನೆಗೆ ಬೇಕೇ ಬೇಕು ಎಂದು ಡಾಕ್ಟರು ಸಹಿ ಮಾಡಬೇಕು. ಕಾಗದಗಳು ತಯಾರಾಗುತ್ತಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಸಂಜೆ ಅಂಗಡಿಯ ಚೀಲವೊಂದನ್ನು ಹಿಡಿದು ನನ್ನ ಬಳಿ ಬಂದರು. ಒಳಗೆ ಕಂದು ಬಣ್ಣದ ಉಣ್ಣೆಯ ಸ್ವೆಟರು. "ಅವಳೂ ನಿಮ್ಮಷ್ಟೇ ಎತ್ತರ ಅಮ್ಮಾ. ಒಂದ್ಸಲ ಕೈ ಹಾಕಿ ನೋಡ್ತೀರಾ? ಇಲ್ಲಿನ ಚಳಿ ಅವಳಿಗೆ ಅಭ್ಯಾಸ ಇಲ್ಲ." ನಾನು ಹಾಕಿಕೊಂಡು ಗುಂಡಿ ಹಾಕಿ ತೋರಿಸಿದೆ. ತೋಳು ಸರಿಯಾಗಿದೆ ಎಂದೆ. ಅವರ ಮುಖ ಅರಳಿತು. ಆ ಅರಳಿದ ಮುಖವನ್ನು ನೋಡುತ್ತಲೇ ನನ್ನ ಮನಸ್ಸು, ಇದೂ ಒಂದು ನಾಟಕವಿರಬಹುದೇ, ನನ್ನನ್ನು ಒಲಿಸಿಕೊಳ್ಳುವ ಉಪಾಯವಿರಬಹುದೇ ಎಂದು ಯೋಚಿಸುತ್ತಿತ್ತು. ನಾನು ಅಂಥವಳಾಗಿದ್ದೆ…

ರಿನೇಸಾನ್ಸ್ ಡೇ ದಿನ ಒಳ್ಳೆಯ ಬಿಸಿಲಿತ್ತು. ಸ್ಕೂಲಿನ ಹುಲ್ಲುಹಾಸಿನ ತುಂಬ ವೆಲ್ವೆಟ್ಟು, ಕಿರೀಟ, ಕಾಗದದ ಕತ್ತಿ. ಡಾಕ್ಟರು, ಅವರ ಹೆಂಡತಿ, ನಾನು, ಇನ್ನೆರಡು ಕನ್ನಡದ ಮನೆಯವರು ಹೋಗಿದ್ದೆವು. ಅಜ್ಜಿ ಮನೆಯಲ್ಲೇ ಉಳಿದಿದ್ದರು. ಹುಡುಗಿ ಕಪ್ಪು ನಿಲುವಂಗಿ ತೊಟ್ಟು, ಕೊರಳಿಗೆ ರಟ್ಟಿನ ಸರ ಹಾಕಿಕೊಂಡು, ನನ್ನಪ್ಪ ಕಮ್ಮಾರ, ನನಗೆ ದೊಡ್ಡ ಮನೆತನವಿಲ್ಲ ಎಂದು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಎತ್ತರಕ್ಕೆ ಏರಿದಲ್ಲಿಗೆ ಮಾತು ನಿಲ್ಲಿಸಿ ಬಗ್ಗಿ ನಮಸ್ಕರಿಸಿದಳು. ದಿವಾನರ ತುಟಿಗಳು ಅವಳ ಮಾತಿನ ಜೊತೆಗೇ ಅಲ್ಲಾಡುತ್ತಿದ್ದವು. ಕಣ್ಣು ಒದ್ದೆಯಾಗಿತ್ತು. ಅದನ್ನೂ ಗಮನಿಸಿಕೊಂಡೆ.

ಹುಲ್ಲುಹಾಸಿನ ಕೊನೆಯಲ್ಲಿ ಒಬ್ಬ ಅಮೆರಿಕನ್ ತಂದೆ ಕುಲುಮೆ ಹೂಡಿದ್ದ. ಬೆಟ್ಟದ ಕಡೆಯ ಮನೆಗಳ ಕುದುರೆಗಳಿಗೆ ಲಾಳ ಕಟ್ಟುವವನು. ಮಕ್ಕಳಿಗೆ ತೋರಿಸಲೆಂದು ಕಬ್ಬಿಣ ಕಾಯಿಸಿ ಕೊಕ್ಕೆ ಮಾಡುತ್ತಿದ್ದ. ಮಾತೇ ಜಾಸ್ತಿ, ಏಟು ಕಡಿಮೆ. ನನ್ನ ಪಕ್ಕ ನಿಂತಿದ್ದ ದಿವಾನರು ಕಾಲು ಬದಲಿಸುತ್ತಿದ್ದರು. "ಬಣ್ಣ ಹೋಯ್ತು. ಈಗ ಹೊಡೀಬಾರ್ದು," ಎಂದು ತಮ್ಮಷ್ಟಕ್ಕೇ ಗೊಣಗಿದರು. ಹುಡುಗಿ ಕೇಳಿಸಿಕೊಂಡಳು.

"ಭಟ್ ಮಾಮಾ, ಯೂ ಡೂ ಇಟ್! ಪ್ಲೀಸ್, ನೀವು ಮಾಡಿ!"

ಇಲ್ಲ ಎಂದರು. ಅವಳು ಕೈ ಹಿಡಿದು ಎಳೆದಳು. ಕುದುರೆಯವನು ನಗುತ್ತ ಸುತ್ತಿಗೆ ಮುಂದೆ ಚಾಚಿದ. ದಿವಾನರು ಒಂದು ಸಲ ನಮ್ಮೆಲ್ಲರ ಮುಖ ನೋಡಿದರು, ನನ್ನ ಮುಖವನ್ನೂ. ಆಮೇಲೆ ಶರ್ಟಿನ ತೋಳು ಮಡಚಿದರು. ಅವರ ಮುಂಗೈ ಮೇಲೆ ಚಿಕ್ಕ ಚಿಕ್ಕ ಸುಟ್ಟ ಕಲೆಗಳಿದ್ದವು. ಎಣ್ಣೆ ಸಿಡಿದದ್ದು ಎಂದುಕೊಂಡಿದ್ದೆ ಇಷ್ಟು ದಿನ.

ಸುತ್ತಿಗೆ ಕೈಗೆ ಬಂದ ಮೇಲೆ ಅವರಿಗೆ ನಾವು ಯಾರೂ ನೆನಪಿರಲಿಲ್ಲ. ಎರಡು ಏಟು ಕಬ್ಬಿಣಕ್ಕೆ, ಒಂದು ಹಗುರ ಏಟು ಬರಿ ಅಡಿಗಲ್ಲಿಗೆ. ಮತ್ತೆ ಎರಡು, ಮತ್ತೆ ಒಂದು. ಆ ಲಯ ಪುಸ್ತಕದಿಂದ ಬರುವಂಥದ್ದಲ್ಲ. ಸರಳಿನ ತುದಿ ಅಗಲವಾಯಿತು, ಮರದ ದಿಮ್ಮಿಯ ಗುಳಿಯಲ್ಲಿಟ್ಟು ಬಡಿದಾಗ ಬಟ್ಟಲಾಯಿತು, ಹಿಡಿ ಬಾಗಿತು. ನೀರಿಗೆ ಅದ್ದಿದಾಗ ಚುಂಯ್ ಎಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ಸುತ್ತಿಗೆಯನ್ನು ಕೆಳಗಿಟ್ಟು, ಅಡಿಗಲ್ಲನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

ಅದನ್ನು ನೋಡಿದ್ದು ನಾನೊಬ್ಬಳೇ.

ಅವರು ತಿರುಗಿದಾಗ ಎದುರಿಗೆ ನಾನಿದ್ದೆ. ಸೌಟನ್ನು ನನ್ನತ್ತ ಚಾಚಿ, "ಒಗ್ಗರಣೆಗೆ ಆಗತ್ತೆ ಅಮ್ಮಾ, ಇಟ್ಕೊಳಿ," ಎಂದರು. ಆಗ ನನ್ನ ಮುಖದಲ್ಲಿ ಏನು ಕಂಡರೋ, ಅವರ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ನನಗೆ ಗೊತ್ತಾಯಿತು ಎಂದು ಅವರಿಗೆ ಗೊತ್ತಾಯಿತು.

ಕಬ್ಬಿಣ ಕಾದಾಗಲೇ ಬಡಿಯಬೇಕು. ನಾನು ಒಂದು ವಾರವೂ ತಡೆಯಲಿಲ್ಲ. ಮುಂದಿನ ಭಾನುವಾರ ಡಾಕ್ಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ದಿವಾನರು ಪ್ರಸಾದಕ್ಕೆ ಸಪಾದಭಕ್ಷ್ಯ ಮಾಡಿಟ್ಟು ಹಿತ್ತಲಿಗೆ ಎಲೆ ಒರೆಸಲು ಹೋಗಿದ್ದರು. ಅಡುಗೆಮನೆಯಲ್ಲಿ ಅಜ್ಜಿ, ನಾನು, ಇನ್ನಿಬ್ಬರು. ನಾನು ಬಾಳೆಹಣ್ಣು ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ, ಕಣ್ಣೆತ್ತದೆ, ಹೊಗಳುವ ದನಿಯಲ್ಲಿ ಹೇಳಿದೆ.

"ಅಜ್ಜಿ, ನೀವು ಬರಬೇಕಿತ್ತು ಅವತ್ತು. ನಮ್ ಭಟ್ಟರಿಗೆ ಕುಲುಮೆ ಕೆಲಸ ಎಷ್ಟು ಚೆನ್ನಾಗಿ ಬರತ್ತೆ ಅಂತೀರಾ! ಹುಟ್ಟಿದಾಗಿಂದ ಅದನ್ನೇ ಮಾಡ್ಕೊಂಡು ಬಂದೋರ ಹಾಗೆ."

ಅಷ್ಟೇ. ಅದರಲ್ಲಿ ಒಂದು ಕೆಟ್ಟ ಮಾತಿಲ್ಲ. ನ್ಯಾಯಾಲಯದಲ್ಲಿ ಬೇಕಾದರೂ ಹೇಳಬಹುದು.

ಅಜ್ಜಿ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. ದಿವಾನರು ಒಳಗೆ ಬರುವವರೆಗೆ ಕಾದರು. ಬಂದ ಮೇಲೆ, "ನಿಮ್ಮ ತಂದೆ ಏನು ಮಾಡ್ತಿದ್ರು?" ಎಂದು ಕೇಳಿದರು.

ಅವರು ಒರೆಸಿದ ಎಲೆಗಳನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. "ಕಮ್ಮಾರರು ಅಮ್ಮಾ. ನಮ್ಮಪ್ಪಂದು ಕುಲುಮೆ ಇತ್ತು."

"ಮತ್ತೆ ಜನಿವಾರ?"

"ನಮ್ಮವರಲ್ಲೂ ಹಾಕ್ತಾರೆ ಅಮ್ಮಾ. ಹಿಂದಿನಿಂದ್ಲೂ ಇದೆ."

"ಭಟ್ಟರೇ ಅಂದಾಗ ಓ ಅಂತಿದ್ರಲ್ಲ!"

"ಕರೆದ್ರೆ ಓ ಅನ್ನದೆ ಏನನ್ಲಿ?"

ಅಜ್ಜಿ ಕೂಗಾಡಲಿಲ್ಲ. ಅವತ್ತು ಹಾಲು ಹಣ್ಣು ಮಾತ್ರ ತೆಗೆದುಕೊಂಡರು. ಮರುದಿನದಿಂದ ತಾವೇ, ನಡುಗುವ ಕೈಯಲ್ಲಿ, ಒಂದು ಹಿಡಿ ಅಕ್ಕಿ ಬೇಯಿಸಿಕೊಳ್ಳತೊಡಗಿದರು. ಸುದ್ದಿ ಫೋನಿನಿಂದ ಫೋನಿಗೆ ಹರಿಯಿತು. ಎಂಜಿನಿಯರುಗಳು, ಡಾಕ್ಟರುಗಳು, ಆಫೀಸಿನಲ್ಲಿ ಎಲ್ಲ ಜಾತಿಯವರ ಜೊತೆ ಪಿಜ್ಜಾ ತಿನ್ನುವವರು. ಜಾತಿಯ ಮಾತಲ್ಲ, ಮುಚ್ಚಿಟ್ಟದ್ದು ತಪ್ಪು ಎಂದರು ಎಲ್ಲರೂ. ನಾನೂ ಹಾಗೆಯೇ ಅಂದೆ. ಏನನ್ನು ಮುಚ್ಚಿಟ್ಟಿದ್ದರು ಅವರು? ಎರಡು ವರ್ಷ ಅವರನ್ನು ಎಲ್ಲ ವಿಷಯಕ್ಕೂ ಕೇಳಿದೆವು, ಅವರಪ್ಪ ಯಾರೆಂದು ಮಾತ್ರ ಕೇಳಿರಲಿಲ್ಲ. ಕೇಳುವ ಅಗತ್ಯವೇ ಇಲ್ಲವೆಂದು ಒಂದು ದಾರ ನೋಡಿ ತೀರ್ಮಾನ ಮಾಡಿದವರು ನಾವು.

ಡಾಕ್ಟರು ಒಳ್ಳೆಯವರು. "ನಾನು ಇದನ್ನೆಲ್ಲ ನಂಬಲ್ಲ," ಎಂದು ನಮ್ಮೆದುರಿಗೇ ಹೇಳಿದರು. "ಆದ್ರೆ ಅಮ್ಮ ಊಟ ಬಿಟ್ಟಿದಾರೆ, ನಾನೇನ್ ಮಾಡ್ಲಿ? ಪೇಪರ್ಸು ಸ್ವಲ್ಪ ದಿನ ಪಕ್ಕಕ್ಕಿಡೋಣ, ಅಮ್ಮ ವಾಪಸ್ ಹೋದ್ಮೇಲೆ ನೋಡೋಣ." ಅಜ್ಜಿ ವಾಪಸು ಹೋಗುವವರಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ದಿವಾನರಿಗಂತೂ ಗೊತ್ತೇ ಇತ್ತು. ಆ ಮೀಟಿಂಗಿನ ದಿನ ಅವರು ಮತ್ತೆ ಬಾಗಿಲ ಬಳಿ ನಿಂತಿದ್ದರು.

ಕೆಲಸ ಬಿಟ್ಟು ಹೋಗುವ ಮುಂಚೆ ಲೈಬ್ರರಿಗೆ ಬಂದರು. ಪುಸ್ತಕ ಹಿಂತಿರುಗಿಸುವುದಿತ್ತು. ನನ್ನ ಎದುರಿಗಿಟ್ಟರು. ಕಾಲ ಮೀರಿರಲಿಲ್ಲ. ನಾನು ತಲೆ ತಗ್ಗಿಸಿಕೊಂಡೇ ಮುದ್ರೆ ಒತ್ತಿದೆ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನ್ನ ಸಂಶಯವೆಲ್ಲ ನಿಜವಾಗಿಬಿಡುತ್ತಿತ್ತು.

"ನಮ್ ಪುಟ್ಟಿಗೆ ಹೇಳಿದ್ದೆ, ಆ ಮಂತ್ರಿ ಮೇಲೆ ಬಂದಿದ್ದಷ್ಟೇ ಸಾಕು, ಮುಂದಿಂದು ಬೇಡ ಅಂತ. ಮುಂದಿಂದು ನಾನೇ ಓದಿ ಮುಗಿಸ್ದೆ ಅಮ್ಮಾ," ಎಂದರು.

ನಾನು ಏನಾದರೂ ಹೇಳಬೇಕಾಗಿತ್ತು. "ಕುಲುಮೆ ಬಿಟ್ಟು ಅಡುಗೆಗೆ ಹೇಗೆ ಬಂದ್ರಿ?" ಎಂದು ಕೇಳಿದೆ. ಎರಡು ವರ್ಷದಲ್ಲಿ ನಾನು ಅವರ ಬಗ್ಗೆ ಅವರನ್ನೇ ಕೇಳಿದ ಮೊದಲ ಪ್ರಶ್ನೆ.

"ಹೋಟ್ಲಲ್ಲಿ ಒಲೆ ರಿಪೇರಿಗೆ ಹೋಗಿದ್ದೆ. ಅವತ್ತು ಅಡುಗೆಯವರು ಬಂದಿರ್ಲಿಲ್ಲ. ಒಲೆ ರಿಪೇರಿಗೆ ಹೋದೋನು ಒಲೆ ಮುಂದೇನೇ ನಿಂತ್ಬಿಟ್ಟೆ." ನಕ್ಕರು. ಆಮೇಲೆ ನಗು ನಿಂತಿತು. "ಮೊದಲ್ನೇ ದಿನ ನೀವು ಭಟ್ಟರೇ ಅಂದ್ರಲ್ಲ ಅಮ್ಮಾ, ಅವತ್ತೇ ಇಲ್ಲ ಅನ್ನಬೇಕಿತ್ತು ನಾನು. ಅಷ್ಟು ಮರ್ಯಾದೆಯಿಂದ ಅದುವರೆಗೂ ಯಾರೂ ಕರೆದಿರ್ಲಿಲ್ಲ. ಇಲ್ಲ ಅನ್ನಕ್ಕೆ ಮನಸ್ಸು ಬರ್ಲಿಲ್ಲ."

ಆ ಕಂದು ಸ್ವೆಟರು ಅವರ ಕೈಚೀಲದ ಮೇಲುಗಡೆಯೇ ಇತ್ತು, ಅಂಗಡಿಯ ಚೀಟಿ ಇನ್ನೂ ತೋಳಿಗೆ ನೇತಾಡುತ್ತಿತ್ತು. ಅಜ್ಜಿಗೆ ಹೇಳಿದವಳು ನಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ… ನನಗೆ ಇವತ್ತಿಗೂ ತಿಳಿಯದು. ಗೊತ್ತಿದ್ದೇ ಆ ಮಾತು ಹೇಳಿದರು ಎಂದು ಕೆಲವು ದಿನ ಅನ್ನಿಸುತ್ತದೆ. ಗೊತ್ತಿರಲಿಲ್ಲ ಎಂದು ಅನ್ನಿಸುವ ದಿನಗಳು ಇನ್ನೂ ಕಷ್ಟ.

ಊರಿಗೆ ಹೋದರು ಎಂದರು ಕೆಲವರು. ಬೇರೆ ರಾಜ್ಯದಲ್ಲಿ ಯಾವುದೋ ಮೋಟೆಲಿನಲ್ಲಿದ್ದಾರೆ ಎಂದರು ಇನ್ನು ಕೆಲವರು. ಕಾಗದ ಬರಲಿಲ್ಲ. ನನ್ನ ಫೋನು ಮತ್ತೆ ಮಧ್ಯಾಹ್ನ ಹೊಡೆದುಕೊಳ್ಳತೊಡಗಿತು. ಮುಂದಿನ ಯುಗಾದಿಗೆ ಎರಡು ಮೇಜು ಹಾಕಿಸಿದೆ, ಜನ ಎರಡಾಗಿ ಕೂತರು.

ಹೋದ ಶನಿವಾರ ಆ ಸೌಟು ಒಲೆಯ ಮೇಲೆ ಆರುತ್ತಿರುವಾಗ ಬಾಗಿಲ ಗಂಟೆ ಹೊಡೆದುಕೊಂಡಿತು. ಡಾಕ್ಟರ ಮಗಳು. ಈಗ ಅವಳ ತಲೆಯಲ್ಲೂ ಬಿಳಿ ಕೂದಲು. ತಂದೆ, ತಾಯಿ, ಅಜ್ಜಿ ಯಾರೂ ಇಲ್ಲ. ನನ್ನ ಹಿತ್ತಾಳೆ ಪಾತ್ರೆಗಳನ್ನು ತೆಗೆದುಕೊಂಡು ಹೋಗಲು ಬರುವೆನೆಂದು ವಾರದ ಹಿಂದೆಯೇ ಹೇಳಿದ್ದಳು. ಮರೆತಿದ್ದೆನೋ, ಅಥವಾ ನೆನಪಿದ್ದೇ ಆ ಬೆಳಿಗ್ಗೆ ಆ ಡ್ರಾಯರಿಗೆ ಕೈ ಹಾಕಿದೆನೋ. ನನ್ನನ್ನು ನಾನು ಅಷ್ಟು ಸುಲಭಕ್ಕೆ ನಂಬುವವಳಲ್ಲ.

ಅಡುಗೆಮನೆಗೆ ಕಾಲಿಟ್ಟವಳು ಅಲ್ಲೇ ನಿಂತಳು. "ಓ ಮೈ ಗಾಡ್, ಆಂಟಿ. ಇದು ಭಟ್ ಮಾಮ ಮಾಡಿದ್ದು!"

ಸೌಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವರು ಹೋದದ್ದು ತನ್ನಿಂದಲೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರು ಬೇಡ ಬೇಡ ಎಂದರೂ ಕೈ ಹಿಡಿದು ಎಳೆದವಳು ತಾನು. ಎಳೆಯದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಐ ವಾಸ್ ಟ್ವೆಲ್ವ್, ಆಂಟಿ. ಐ ಜಸ್ಟ್ ವಾಂಟೆಡ್ ಎವ್ರಿವನ್ ಟು ಸೀ."

ಸುಮ್ಮನಿರಬಹುದಿತ್ತು. ನಲವತ್ತು ವರ್ಷ ಸುಮ್ಮನಿದ್ದವಳಿಗೆ ಇನ್ನೊಂದು ಹತ್ತು ವರ್ಷ ಕಷ್ಟವೇನಲ್ಲ. ಆದರೆ ನನ್ನ ಪಾಪವನ್ನು ಒಂದು ಮಗು ಹೊತ್ತುಕೊಂಡು ಮುದುಕಿಯಾಗುತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ.

"ನೀನಲ್ಲ ಪುಟ್ಟಾ," ಎಂದೆ. "ನಾನು. ನಿಮ್ಮಜ್ಜಿಗೆ ಹೇಳಿದ್ದು ನಾನು." ಬಾಳೆಹಣ್ಣು ಹೆಚ್ಚುತ್ತ ಹೇಳಿದ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ.

ಅವಳು ಬೈಯಲಿಲ್ಲ, ಅಳಲಿಲ್ಲ. ಹಿತ್ತಾಳೆ ಪಾತ್ರೆಗಳನ್ನು ಮುಟ್ಟಲಿಲ್ಲ. ಪೇಪರ್ ಟವೆಲ್ ಹರಿದು ಸೌಟನ್ನು ಸುತ್ತಿ ತನ್ನ ಚೀಲದೊಳಗೆ ಇಟ್ಟುಕೊಂಡಳು. ನನ್ನನ್ನು ಕೇಳಲಿಲ್ಲ. ನಾನೂ ಬೇಡ ಎನ್ನಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ, ತನ್ನ ತಡವರಿಸುವ ಕನ್ನಡದಲ್ಲಿ ಕೇಳಿದಳು.

"ಆಂಟಿ, ಅವರ ಹೆಸರು ಏನು, ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಅವರ ಹುಟ್ಟನ್ನು ಅಷ್ಟು ಕಷ್ಟಪಟ್ಟು ಕಂಡುಹಿಡಿದವಳಿಗೆ ಹೆಸರು ಗೊತ್ತಿರಲಿಲ್ಲ. ಅವಳು ಹೇಳಿದಳು, ತಂದೆಯ ಹೆಸರು ಸೇರಿಸಿ, ಪೂರ್ತಿಯಾಗಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನ್ನದಲ್ಲ.

ಸಂಜೆ ಸಾರಿಗೆ ಸ್ಟೀಲಿನ ಸೌಟಿನಲ್ಲೇ ಒಗ್ಗರಣೆ ಹಾಕಿದೆ, ಇಂಗಿಲ್ಲದೆ. ನಮ್ಮವರು ಹಾಲ್‌ನಲ್ಲಿ ನಿದ್ದೆ ಹೋಗಿದ್ದರು. ಸಾಸಿವೆ ಸಿಡಿದು ಸುಮ್ಮನಾದ ಮೇಲೆ, ಒಲೆಯ ಮುಂದೆ ನಿಂತು, ಆ ಹೆಸರನ್ನು ಒಂದು ಸಲ ಮೆಲ್ಲಗೆ ಕರೆದೆ. ಓ ಎನ್ನುವವರು ಯಾರೂ ಇರಲಿಲ್ಲ.